ಅಪ್ಪ ಓದಿ ನಿಲ್ಲಿಸಿದ ಪುಟ

೧೨ ನವೆಂಬರ್ ೨೦೨೪, ಮಂಗಳವಾರ

ಅಪ್ಪ ತೀರಿಕೊಂಡು ಆರು ದಿನಗಳಾದವು. ಪಂಜಾಬಿನಿಂದ ಬಂದು ಸಂಡೂರಿನ ಅದಿರು ಲಾರಿಗಳನ್ನು ದುರಸ್ತಿ ಮಾಡುತ್ತಿದ್ದ ಅವರು, ಗ್ರೀಸ್ ಮುಟ್ಟುವ ಮೊದಲು ಪ್ರತಿದಿನ ಗುರು ಗ್ರಂಥವನ್ನು ಓದುತ್ತಿದ್ದರು. ಅರ್ಧಕ್ಕೆ ನಿಂತ ಆ ಪಾರಾಯಣ ಹತ್ತನೆಯ ದಿನಕ್ಕೆ ಮುಗಿಯಬೇಕು.

ಕಂಪ್ಲಿಯವಳಾದ ಅಮ್ಮನಿಗೆ ಆ ಗ್ರಂಥದ ಗುರುಮುಖಿ ಲಿಪಿ ಬಾರದು. "ಓದವ್ವ, ಕ್ಲಾಸಿಗೆ ಫಸ್ಟ್ ಬರಾಕಿ ನೀನು, ಹೊರಗಿನೋರು ಯಾಕ ಬೇಕು?" ಎಂದು ನನ್ನನ್ನೇ ಕೂರಿಸಿದಳು.

ನನಗೂ ಬಾರದೆಂದು ಅವಳಿಗೆ ಗೊತ್ತಿಲ್ಲ. "ದಿನಾ ಒಂದ್ ಅಕ್ಷರ ಕಲಿ, ಪುತ್ತರ್" ಎಂದು ಅಪ್ಪ ಸ್ಲೇಟು ಹಿಡಿದು ಬಂದಾಗ, "ಅದು ಪರೀಕ್ಷೆಗೆ ಬರಲ್ಲಪ್ಪ" ಎಂದಿದ್ದೆ. ಅದನ್ನು ಅವರು ಅಮ್ಮನಿಗೆ ಹೇಳಲೇ ಇಲ್ಲ.

ತಲೆಗೆ ದುಪಟ್ಟಾ ಹೊದ್ದು, ಅವರ ಬೆಳಗಿನ ಪ್ರಾರ್ಥನೆಯಲ್ಲಿ ನೆನಪಿದ್ದ ಎರಡೇ ಸಾಲುಗಳನ್ನು ಮತ್ತೆ ಮತ್ತೆ ಹೇಳುತ್ತ ಪುಟ ಮಗುಚಿದೆ. "ಥೇಟ್ ನಿಮ್ಮಪ್ಪನ ದನಿ" ಎಂದು ಅಮ್ಮ ಅತ್ತಳು. ನಾಳೆ ಬೆಳಿಗ್ಗೆ ಮತ್ತೆ ನನ್ನ ಓದು ಕೇಳಲು ಕಾಯುತ್ತಾಳೆ. ಅಪ್ಪಾ, ನಾನು ಇದನ್ನು ಅವಳಿಗೆ ಹೇಗೆ ಹೇಳಲಿ…