ಹದಿನೆಂಟಕ್ಕಿಂತ ಹೆಚ್ಚಾದರೆ

ಮಾರ್ಚ್ 4, ಸೋಮವಾರ

ಕೋಲ್ಡ್ ರೂಮಿಗೆ ಹೊಸ ಅಲಾರಾಂ ಬಂತು. ನಾನೇ ಸೆಟ್ ಮಾಡಿದೆ. ಐಸ್‌ಕ್ರೀಮ್ ಉಳಿಯಬೇಕಾದರೆ ರೂಲು ಒಂದೇ: ಮೈನಸ್ 18ಕ್ಕಿಂತ ಹೆಚ್ಚಾದರೆ ಕೂಗಬೇಕು. ಈ ಪೆಟ್ಟಿಗೆಯಲ್ಲಿ ಮೈನಸ್ ಗುಂಡಿಯೇ ಇಲ್ಲ. ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ, ಅಷ್ಟೇ ಅದರ ಲೆಕ್ಕ. ರೂಮಿನ ಡಿಗ್ರಿ, ಈ 18 — ಎರಡೂ ಕಡೆಯ ಮೈನಸ್ ಹೊಡೆದುಹಾಕಿ ‘18ಕ್ಕಿಂತ ಹೆಚ್ಚಾದರೆ’ ಎಂದು ಒತ್ತಿದೆ. ನಾಳೆಯಿಂದ ಚಾಲೂ.

ಮಾರ್ಚ್ 5

ಮೈದುನನ ಶಿಫ್ಟು. ಬೆಳಗಿನಿಂದ ಅಲಾರಾಂ ಬಾಯಿ ಮುಚ್ಚಿಲ್ಲವಂತೆ.

“ಅತ್ತಿಗೆ, ಚೆನ್ನಾಗಿ ತಣ್ಣಗಿದ್ದಾಗ್ಲೇ ಕೂಗತ್ತೆ ಇದು.”

ಹೌದಪ್ಪಾ! ಬಾಗಿಲು ತೆರೆದಿಟ್ಟು ಫೋನಿನಲ್ಲಿ ಹರಟುತ್ತಿರುತ್ತಾನೆ, ಇನ್ನೇನು. ಕೆಲಸಕ್ಕೆ ಸೇರಿಸಿದ್ದೇ ನಾನು — ನನ್ನ ಕಿವಿ ಮೇಲೇ ಹೂ ಇಡುತ್ತಾನೆ. ನೋಡಲೂ ಹೋಗಲಿಲ್ಲ.

ಮಾರ್ಚ್ 9, ಶನಿವಾರ

ಕಂಪ್ರೆಸರ್ ಕೆಟ್ಟು ನಿಂತಿದೆ. ಐಸ್‌ಕ್ರೀಮ್ ಎಲ್ಲ ನೀರು. ಅಲಾರಾಂ ಮಾತ್ರ ತುಟಿ ಪಿಟಕ್ ಎಂದಿಲ್ಲ! ಇವನೇ ಆಫ್ ಮಾಡಿದ್ದಾನೆ, ಅನುಮಾನವೇ ಬೇಡ.

“ನಾನು ಮುಟ್ಟಿಲ್ಲ ಅತ್ತಿಗೆ. ಅಷ್ಟು ದಿನ ಬಡ್ಕೊಂಡಿದ್ದು ತಾನಾಗೇ ನಿಲ್ತು.”

ಮುಖ ಸಪ್ಪಗೆ ಮಾಡಿಕೊಂಡಿದ್ದ. ನಾಟಕ. ಇವನದೇ ಕೈವಾಡ ಎಂದು ಮ್ಯಾನೇಜರಿಗೆ ನಾನೇ ಹೇಳಿದೆ. ಸೋಮವಾರದಿಂದ ಬರಬೇಡ ಅಂದರಂತೆ. ನಮ್ಮವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಮಾರ್ಚ್ 10, ಬೆಳಿಗ್ಗೆ

ರಿಪೇರಿಯಾಗಿದೆ. ಇವನು ಸ್ವಿಚ್ಚು ಆರಿಸಿದ್ದು ಹಿಡಿಯಲೆಂದೇ ಹೋದೆ. ಅಲಾರಾಂ ಆನ್ ಇದೆ. ರೂಮು ಮೈನಸ್ 22. ಕೂಗುತ್ತಿದೆ... ಕಲ್ಲಿನಂತೆ ಗಟ್ಟಿಯಾಗಿದೆ ಐಸ್‌ಕ್ರೀಮ್. ಯಾಕೆ ಕೂಗಬೇಕು?

22 ಅನ್ನುವುದು 18ಕ್ಕಿಂತ ಹೆಚ್ಚು. ಸರಿ. ಮೈನಸ್ 22? ಇನ್ನೂ ತಣ್ಣಗೆ — ಅಂದರೆ ಕಡಿಮೆ!

ಗೋಡೆಯ ಮೇಲೆ ಗೆರೆ ಎಳೆದೆ. ನಡುವೆ ಸೊನ್ನೆ. ಮೇಲಕ್ಕೆ ದೂರ ಹೋದಷ್ಟೂ ಹೆಚ್ಚು, ಕೆಳಕ್ಕೆ ದೂರ ಹೋದಷ್ಟೂ ಕಡಿಮೆ. ಮೈನಸ್ ಕಿತ್ತರೆ ಕೆಳಗಿನದೆಲ್ಲ ದೋಸೆಯಂತೆ ಮೇಲಕ್ಕೆ ಮಗುಚುತ್ತದೆ. ತೀರಾ ತಳದಲ್ಲಿದ್ದದ್ದು ಎಲ್ಲಕ್ಕಿಂತ ಮೇಲೆ. ‘ಹೆಚ್ಚು’ ಆಗ ‘ಕಡಿಮೆ’ ಆಗಲೇಬೇಕು. ಹೆಚ್ಚು-ಕಡಿಮೆಯ ಚಿಹ್ನೆ ತಿರುಗಿಸಿ ಎಂದು ಗಣಿತದ ಟೀಚರ್ ಬಡಿದುಕೊಂಡದ್ದು ಇದಕ್ಕೇ. ಆಗ ಅವರನ್ನೂ ನಂಬಿರಲಿಲ್ಲ.

ಒತ್ತಬೇಕಿದ್ದದ್ದು: 18ಕ್ಕಿಂತ ಕಡಿಮೆಯಾದರೆ.

ಅವನು ಹೇಳಿದ್ದೆಲ್ಲ ನಿಜ.

ಮಧ್ಯಾಹ್ನ

ಬೀಗದ ಕೈ ಕೊಡಲು ಬಂದಿದ್ದ.

“ಸೆಟ್ಟಿಂಗೇ ತಪ್ಪು, ಮಾಡಿದ್ದು ಯಾರು ಅಂತ ಮ್ಯಾನೇಜರ್ ಸಾಹೇಬ್ರು ಕೇಳಿದ್ರು. ನಾನೇ ಅಂದೆ.”

“ಯಾಕೋ?”

“ಹೇಗೂ ನನ್ನ ಕೆಲ್ಸ ಹೋಗಿತ್ತು. ನಿಮ್ದೂ ಹೋಗ್ಬೇಕಾ ಅತ್ತಿಗೆ?”

ಇದರಲ್ಲೂ ಏನೋ ಹುನ್ನಾರ ಇರಬೇಕೆಂದು ಅವನ ಮುಖ ಹುಡುಕಿದೆ. ಏನೂ ಸಿಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮ್ಯಾನೇಜರಿಗೆ ಫೋನ್ ಮಾಡಿದ್ದೇನೆ. ರಿಂಗ್ ಆಗುತ್ತಿದೆ. ಅವರು ಎತ್ತುವಷ್ಟರಲ್ಲಿ ಏನು ಹೇಳಬೇಕೆಂದು ಇಲ್ಲಿ ಬರೆದುಕೊಳ್ಳುತ್ತೇನೆ — ಸರ್, ಆ ಅಲಾರಾಂ