ಹಿಂದೆ ಇನ್ನೊಂದು ರಾಕೆಟ್ ಐತೆ

ಬೆಳಗೋಡು,
ಮಂಗಳವಾರ, ಮಾರ್ಚ್ ೧೧

ನಮ್ಮ ಯಜಮಾನರಿಗೆ, ನಿಮ್ಮ ಮೀನಾಕ್ಷಿಯ ನಮಸ್ಕಾರ.

ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದರೆಂದು ದೀಪಶ್ರೀ ಫೋನಿನಲ್ಲಿ ಹೇಳಿದಳು. ಕಾಲು ಮಡಚಿಸಲು ಬರುವ ಹುಡುಗಿಯ ಮೇಲೆ ರೇಗುತ್ತೀರಂತೆ, ಅದು ಬೇಡ. ನಲವತ್ತು ವರ್ಷ ಎಸ್ಟೇಟಿನ ರೈಟರಾಗಿ ಆಳುಗಳ ಹಾಜರಿ ಕೂಗಿದ ಗಂಟಲು ನಿಮ್ಮದು ಎಂದು ಆ ಮೈಸೂರಿನ ಮಗುವಿಗೆ ಏನು ಗೊತ್ತು ಪಾಪ. ಬಿ.ಪಿ. ಮಾತ್ರೆ ಮರೆಯಬೇಡಿ. ಮಗಳು ಹುಳಿಯಿಲ್ಲದ ಸಾರು ಮಾಡಿದರೂ ಬಾಯಿ ಮುಚ್ಚಿಕೊಂಡು ಉಣ್ಣಿ. ಇಷ್ಟನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ಕಿವಿಯ ಕಥೆ ನಿಮಗೇ ಗೊತ್ತು. ನಾನೊಂದು ಮಾತು ಹೇಳಿದರೆ ನೀವು "ಹಾಂ? ಹಾಂ?" ಅನ್ನುತ್ತೀರಿ, ದೀಪಶ್ರೀ ಅದನ್ನು ನಿಮ್ಮ ಕಿವಿಯ ಹತ್ತಿರ ಕೂಗುತ್ತಾಳೆ, ಪಕ್ಕದ ಮನೆಯವರಿಗೂ ಸುದ್ದಿ ಮುಟ್ಟುತ್ತದೆ. ಈ ಸಲದ ಸುದ್ದಿ ಮಗಳ ಬಾಯಲ್ಲಿ ಕೂಗಿಸುವಂಥದ್ದಲ್ಲ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು, ಕೋಣೆಯಲ್ಲಿ ಒಬ್ಬರೇ ಕೂತು ಓದಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಹೂಮಳೆ ಹದವಾಗಿ ಬಿತ್ತು. ಎಸ್ಟೇಟಿನ ನೂರಾರು ಎಕರೆಯ ಜೊತೆ ನಮ್ಮ ಒಂದೂವರೆ ಎಕರೆಯೂ ಕಾಫಿ ಹೂಬಿಟ್ಟು ಬೆಳ್ಳಗಾಗಿದೆ, ಬೇಲಿಯ ಆಚೆ ಯಾರದು ಈಚೆ ಯಾರದು ಎಂದು ಹೂವಿಗೇನು ಗೊತ್ತು. ಬೆಳಗ್ಗೆ ಬಾಗಿಲು ತೆಗೆದರೆ ಮದುವೆ ಮನೆಗೆ ಕಾಲಿಟ್ಟ ಹಾಗೆ ಘಮ ಎನ್ನುತ್ತದೆ. ಮೆಣಸು ಕುಯ್ದು, ಒಣಗಿಸಿ, ಚೀಲಕ್ಕೆ ತುಂಬಿಯಾಯಿತು. ನಾನೊಬ್ಬಳೇ ಇದ್ದೇನೆಂದು ಮರುಗಬೇಡಿ. ಎರಡು ಹೊತ್ತೂ ನನಗೆ ಬೇಕಾದ ಅಕ್ಕಿ ರೊಟ್ಟಿ ಮಾಡಿಕೊಳ್ಳುತ್ತೇನೆ, ಟಿವಿ ರಿಮೋಟು ನನ್ನ ಕೈಯಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ ಸುಖವಾಗಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ ಸಿನಿಮಾ ತೋರಿಸಿದರು. ನೀವು ಯಾಕೆ ಮೈಸೂರಿಗೆ ಓಡಿದಿರಿ ಎಂದು ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಮೂರು ವರ್ಷದಿಂದ ಕಾಲಿನ ಆಪರೇಷನ್ ಮಾತೆತ್ತಿದರೆ "ಮಳೆಗಾಲ ಕಳೀಲಿ, ಕುಯ್ಲು ಮುಗೀಲಿ" ಎಂದು ತಳ್ಳಿಕೊಂಡು ಬಂದವರು ನೀವು. ದೊಡ್ಡ ಧಣಿಗಳ ಮೊಮ್ಮಗ ಸುನಿಲ್‌ಕುಮಾರ್ ನಮ್ಮ ಜಗಲಿಯಲ್ಲಿ ಕೂತು, "ರೈಟ್ರೇ, ನಮ್ಮ ತಾತ ತೋರಿಸಿದ್ದ ಚಂದ್ರನ ಸಿನಿಮಾ ಸಿಕ್ತು. ಅದರ ಎರಡನೇ ಭಾಗಾನೂ ಇದೆ. ಕೆಳಗಡೆ ಕನ್ನಡದಲ್ಲೇ ಅಕ್ಷರ ಬರುತ್ತೆ" ಎಂದು ಹೇಳಿ ಹೋದ ಸಂಜೆಯೇ ನೀವು ಆಪರೇಷನ್ ಮಾಡಿಸಿಕೊಂಡೇ ಬಿಡುತ್ತೇನೆ ಎಂದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಮೊಣಕಾಲು ಮುಟ್ಟಿ ನೋಡಿಕೊಂಡಿರಿ, ಅಷ್ಟೇ ವ್ಯತ್ಯಾಸ.

ಮರೆತ ಹಾಗೆ ನಟಿಸುವುದರಲ್ಲಿ ನೀವು ಗಟ್ಟಿಗರು, ಆದ್ದರಿಂದ ಹಳೆಯದನ್ನು ಬರೆದೇ ಮುಂದೆ ಹೋಗುತ್ತೇನೆ. ಎಂಬತ್ತೊಂಬತ್ತನೇ ಇಸವಿ. ಕುಯ್ಲು ಮುಗಿದು ಕಾಫಿ ಮೂಟೆಗಳು ಲಾರಿ ಹತ್ತಿದ ಮೇಲೆ ಸ್ಟೋರು ಖಾಲಿ, ಬಾಗಿಲು ಮುಚ್ಚಿದರೆ ಮಟಮಟ ಮಧ್ಯಾಹ್ನವೂ ಕತ್ತಲೆ. ದೊಡ್ಡ ಧಣಿಗಳು ವರ್ಷಕ್ಕೊಂದು ಸಲ ಹಾಸನದಿಂದ ಪ್ರೊಜೆಕ್ಟರ್ ತರಿಸಿ ಲೈನಿನ ಮನೆಗಳ ಆಳುಗಳಿಗೆಲ್ಲ ಅಲ್ಲಿ ಸಿನಿಮಾ ತೋರಿಸುತ್ತಿದ್ದರು. ಅವರು ತರಿಸುತ್ತಿದ್ದದ್ದು ಇಂಗ್ಲಿಷಿನವೇ. ಅದಕ್ಕೆ ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳುವ ಕೆಲಸ ನಿಮ್ಮದು. ನಿಮ್ಮ ಇಂಗ್ಲಿಷು ಗೊಬ್ಬರದ ಚೀಲ ಓದುವಷ್ಟು. ಪರದೆಯವರು ಎರಡು ಮಾತಾಡಿದರೆ ನೀವು ಇಪ್ಪತ್ತು ಹೇಳುತ್ತಿದ್ದಿರಿ. ಆ ವರ್ಷದ್ದು ಚಂದ್ರನಲ್ಲಿ ಗಣಿ ತೋಡುವವರ ಕಥೆ. ಗಣಿ ಕುಸಿಯುತ್ತದೆ. ಒಬ್ಬ ಒಳಗೇ ನಿಂತು ಕಬ್ಬಿಣದ ಬಾಗಿಲನ್ನು ಎತ್ತಿ ಹಿಡಿದು ಉಳಿದವರನ್ನೆಲ್ಲ ಹೊರಗೆ ಕಳಿಸುತ್ತಾನೆ. ಕೊನೆಗೆ ರಾಕೆಟ್ ಭೂಮಿಗೆ ಬಂದಾಗ ಎಲ್ಲರೂ ಇಳಿಯುತ್ತಾರೆ, ಅವನೊಬ್ಬ ಇಳಿಯುವುದಿಲ್ಲ. ಅವನ ಹೆಂಡತಿ ಬೇಲಿ ಹಿಡಿದು ನಿಂತಿದ್ದಾಳೆ. ಒಬ್ಬ ಆಫೀಸರು ಬಂದು, ಟೋಪಿ ತೆಗೆದು, ಅವಳಿಗೆ ಏನೋ ಹೇಳುತ್ತಾನೆ. ಅವಳು ಅಳುತ್ತಾಳೆ. ಅಲ್ಲಿಗೆ ಮುಗಿಯಿತು.

ಅಲ್ಲಿ ನೀವು ಮಾತು ನಿಲ್ಲಿಸಿದಿರಿ. ಮುಂದಿನ ಸಾಲಿನಲ್ಲಿ ಲಿಂಗಮ್ಮ ವರ್ಷದ ಕೂಸು ಶೀಲಾಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಅವಳಿಗಾಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಘಟ್ಟದ ಕೆಳಗೆ ಮರ ಕಡಿಯುವ ಕೆಲಸಕ್ಕೆಂದು ಹೋದ ಗಂಡ ಆ ಹೊತ್ತಿಗೆ ವರ್ಷವಾದರೂ ಪತ್ತೆಯಿರಲಿಲ್ಲ. ನೀವು ಅವಳ ಮುಖ ನೋಡಿದ್ದನ್ನು ನಾನು ನೋಡಿದೆ. ಆಮೇಲೆ, "ಅಳಬ್ಯಾಡ ಕಣಮ್ಮ, ಹಿಂದೆ ಇನ್ನೊಂದು ರಾಕೆಟ್ ಐತೆ, ನಿನ್ ಗಂಡ ಅದ್ರಲ್ಲಿ ಬತ್ತಾನೆ, ಅಂತ ಆಫೀಸರು ಹೇಳ್ತಾವ್ನೆ" ಎಂದಿರಿ. ಇಡೀ ಸ್ಟೋರು ಚಪ್ಪಾಳೆ ತಟ್ಟಿತು. ಲೈನಿನಲ್ಲಿ ಆ ಮಾತು ಗಾದೆಯೇ ಆಗಿಹೋಯಿತು. ಸಕಲೇಶಪುರದ ಬಸ್ಸು ತಪ್ಪಿಸಿಕೊಂಡವರಿಗೂ ಅದೇ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರಿಗೂ ಅದೇ.

ಮಾರನೆಯ ವರ್ಷ ಆಲೂರಿನ ಕಡೆಯಿಂದ ಲಿಂಗಮ್ಮನ ಅಣ್ಣ ಅವಳಿಗೆ ಇನ್ನೊಂದು ಸಂಬಂಧ ತಂದ. ಗಂಡ ಬಂದೇ ಬರುತ್ತಾನೆ, ನಾನು ಒಲ್ಲೆ ಎಂದಳು. ಅವನು ಬರಲಿಲ್ಲ. ಮೂವತ್ತಾರು ವರ್ಷ ಒಬ್ಬಳೇ ದುಡಿದು, ಮಗಳನ್ನು ಓದಿಸಿ, ಕುಂದೂರಿನ ಹತ್ತಿರ ಅಂಗನವಾಡಿ ಟೀಚರ್ ಮಾಡಿದಳು. "ನನ್ನೊಂದು ಸುಳ್ಳಿಗೆ ಆ ಹೆಣ್ಣಿನ ಬಾಳು ಹಾಳಾಯ್ತು ಮೀನಾಕ್ಷಿ" ಎಂದು ನೀವು ಒಂದೇ ಒಂದು ಸಲ, ಕೊಟ್ಟಿಗೆಯಲ್ಲಿ, ನನ್ನ ಮುಖ ನೋಡದೆ ಹೇಳಿದ್ದಿರಿ. ಆಮೇಲೆ ಆ ಮಾತು ಎತ್ತಲಿಲ್ಲ. ಲಿಂಗಮ್ಮ ದಾರಿಯಲ್ಲಿ ಎದುರಾದರೆ ಬಿಸಿಲಿಲ್ಲದಿದ್ದರೂ ಛತ್ರಿ ಅಡ್ಡ ಹಿಡಿಯುತ್ತಿದ್ದಿರಿ. ನನಗೆ ಆ ಛತ್ರಿ ನೋಡಿದರೆ ಸಂಕಟವಾಗುತ್ತಿತ್ತು.

ಭಾನುವಾರ ಹನ್ನೊಂದು ಗಂಟೆಗೆಲ್ಲ ಸ್ಟೋರು ತುಂಬಿತು. ಲೈನಿನವರು, ನಮ್ಮಂಥ ಅಕ್ಕಪಕ್ಕದವರು, ಈಗ ಕೆಲಸಕ್ಕಿರುವ ಅಸ್ಸಾಮಿನವರು, ಎಲ್ಲರೂ ಗೋಣಿಚೀಲ ಹಾಸಿಕೊಂಡು ಕೂತೆವು. ಓದಲು ಬಾರದವರಿಗಾಗಿ ಶೀಲಾ ಮುಂದೆ ಕೂತು ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದಳು, ಅಂಗನವಾಡಿ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ಸ್ವಲ್ಪ ಹೊತ್ತಿಗೆಲ್ಲ ಗುಸುಗುಸು ಶುರುವಾಯಿತು. ನೀವು ಭಾವಮೈದ ಎಂದಿದ್ದ ದಪ್ಪನೆಯವನು ಡಾಕ್ಟರಂತೆ. ಅವರು ಜಮೀನಿನ ವ್ಯಾಜ್ಯಕ್ಕೆ ಜಗಳವಾಡಿದ್ದಲ್ಲವಂತೆ, ಗಾಳಿಯ ಡಬ್ಬಿಗಂತೆ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಆದರೆ ಕೊನೆಯ ದೃಶ್ಯ ಬಂದಾಗ ನಗು ನಿಂತಿತು. ಆಫೀಸರು ಟೋಪಿ ತೆಗೆದ. ಶೀಲಾ ಓದಿದಳು: "ಅವರು ಬದುಕಿಲ್ಲ ತಾಯಿ, ಕ್ಷಮಿಸಿ." ಆಮೇಲೆ ಹಳೇ ಮೇಸ್ತ್ರಿ ಗಿಡ್ಡಯ್ಯ ಕೋಲು ಊರಿಕೊಂಡು ಎದ್ದು ನಿಂತು, "ಇದು ಬ್ಯಾರೆ ಸಿನಿಮಾ ಕಣಪ್ಪ! ನಮ್ದಲ್ಲ ಇದು. ನಮ್ದ್ರಲ್ಲಿ ಬತ್ತಾನೆ" ಎಂದು ಸುನಿಲ್‌ಕುಮಾರನನ್ನು ಗದರಿಸಿದ. ನನಗೆ ತಲೆ ಎತ್ತಲಾಗಲಿಲ್ಲ.

ಕೋಳಿ ಸಾರಿನ ಊಟವಾದ ಮೇಲೆ ಎರಡನೇ ಭಾಗ. ಇದು ನಿಮಗೆ ಗೊತ್ತಿಲ್ಲದ ಸುದ್ದಿ, ಸರಿಯಾಗಿ ಓದಿ. ಅದರಲ್ಲಿ ಮೂವತ್ತು ವರ್ಷ ಕಳೆದಿದೆ. ಆ ಮನುಷ್ಯ ಸತ್ತಿಲ್ಲ! ಸುರಂಗದೊಳಗೆ ಅದೆಂಥದೋ ಸೊಪ್ಪು ಬೆಳೆದುಕೊಂಡು ಬದುಕಿದ್ದಾನೆ. ಹುಡುಕಿಕೊಂಡು ಹೋದ ಇನ್ನೊಂದು ರಾಕೆಟ್ಟಿನಲ್ಲಿ ಭೂಮಿಗೆ ಬರುತ್ತಾನೆ. ರಾಕೆಟ್ ಮೇಲೆದ್ದದ್ದೇ ತಡ, ಸ್ಟೋರಿನಲ್ಲಿ ಒಂದು ಕೇಕೆ ಎದ್ದಿತು ನೋಡಿ, ಹಂಚು ಹಾರದಿದ್ದದ್ದು ಪುಣ್ಯ. "ರೈಟ್ರು ಸುಳ್ಳು ಹೇಳಿಲ್ಲ, ಮುಂದಾಗೋದ್ನ ಮೊದ್ಲೇ ಹೇಳವ್ರೆ ಅಷ್ಟೇಯ" ಎಂದು ಗಿಡ್ಡಯ್ಯ ತೀರ್ಪು ಕೊಟ್ಟ. ಈಗ ಲೈನಿನ ಅರ್ಧ ಜನ ನಿಮ್ಮನ್ನು ಶಾಸ್ತ್ರ ಹೇಳುವವರು ಅಂದುಕೊಂಡಿದ್ದಾರೆ, ಉಳಿದರ್ಧ ಜನ ನಗುತ್ತಿದ್ದಾರೆ. ಸಿಟ್ಟಾದವರು ನನಗೆ ಕಾಣಲಿಲ್ಲ.

ಎರಡನೇ ಭಾಗದ ಬಗ್ಗೆ ಮಾತ್ರ ತಲೆಗೊಂದು ಮಾತು. ಇಂಥ ಸಿನಿಮಾಕ್ಕೆ ಎರಡನೆಯದು ಮಾಡಲೇಬಾರದಿತ್ತು ಎಂದು ಸುನಿಲ್‌ಕುಮಾರ್ ವಾದ. ಮೊದಲನೆಯದು ಎದೆಯ ಮೇಲೊಂದು ಭಾರ ಇಡುತ್ತದಂತೆ, ಎರಡನೆಯದು ಬಂದು ಅದನ್ನು ಇಳಿಸಿಬಿಡುತ್ತದಂತೆ. ಮೂಟೆ ಹೊತ್ತವರನ್ನು ಕೇಳಪ್ಪ, ಇಳಿಸುವುದು ತಪ್ಪು ಅನ್ನುತ್ತಾರಾ ಎಂದೆ. ನಕ್ಕ. ಉಪ್ಪಿಲ್ಲದ ಸೊಪ್ಪು ಮೂವತ್ತು ವರ್ಷ ಹೇಗೆ ತಿಂದ ಎಂದು ಹೆಂಗಸರ ತಕರಾರು. ಜಿಗಣೆ ಇಲ್ಲದ ಜಾಗ, ಕೆಲಸಕ್ಕೆ ಒಳ್ಳೆಯದು ಎಂದು ಅಸ್ಸಾಮಿನವರು ತಮ್ಮತಮ್ಮಲ್ಲೇ ನಗುತ್ತಿದ್ದರು. ನನಗೆ ಎರಡನೆಯದೇ ಹಿಡಿಸಿತು, ಆದರೆ ಒಂದು ಕೊರತೆ. ಅವನು ಚಂದ್ರನಲ್ಲಿ ಏನು ಮಾಡಿದ ಎಂದು ಒಂದು ಗಂಟೆ ತೋರಿಸಿದರು. ಅವಳು ಇಲ್ಲಿ ಮೂವತ್ತು ವರ್ಷ ಏನು ಮಾಡಿದಳು ಎಂದು ಒಂದು ನಿಮಿಷವೂ ತೋರಿಸಲಿಲ್ಲ.

ಇನ್ನು ಮುಚ್ಚಿಡದೆ ಬರೆಯುತ್ತೇನೆ. ರಾಕೆಟ್ ಇಳಿದು, ಅದರ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಲಿಂಗಮ್ಮ ಎದ್ದಳು. ಶೀಲಾಳ ಹೆಗಲು ಮುಟ್ಟಿ ಏನೋ ಹೇಳಿ, ಜನರನ್ನು ದಾಟಿಕೊಂಡು ಸರಸರ ಹೊರಗೆ ಹೋದಳು. ಎಲ್ಲರೂ ನೋಡಿದರು. ಅವಳು ತಿರುಗಿ ಬರಲಿಲ್ಲ. ಇವತ್ತಿಗೆ ಮೂರು ದಿನ, ದಾರಿಯಲ್ಲೂ ಕಂಡಿಲ್ಲ. ಅವಳ ಮನೆಯವರೆಗೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ.

ನಿನ್ನೆ ಫೋನಿನಲ್ಲಿ ನೀವು, "ತೋಟ ಯಾರಿಗಾದ್ರೂ ಗುತ್ತಿಗೆಗೆ ಕೊಟ್ಟು ನೀನೂ ಬಂದ್ಬಿಡು, ಇಲ್ಲೇ ಇದ್ಬಿಡಾಣ" ಎಂದಿರಿ. ನಾನು ಬರುವುದಿಲ್ಲ. ಅವಳಿಗೆ ಸಿಟ್ಟಿದ್ದರೆ ಬಂದು ಅವಳೆದುರು ನಿಲ್ಲಿ, ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ, ಬೈದರೆ ಇಬ್ಬರೂ ಬೈಸಿಕೊಳ್ಳೋಣ. ಇನ್ನೊಂದು ಮಾತು. ನೀವು ಆ ಸುಳ್ಳು ಹೇಳಿದ ದಿನ ನನಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಬಂದಿತ್ತು ಎಂದು ಈವರೆಗೆ ಹೇಳಿಲ್ಲ. ಮದುವೆಯಾಗಿ ಎಂಟು ವರ್ಷವಾಗಿತ್ತು, ನನಗೆ ಸಿಕ್ಕಿದ್ದು ಬರೀ ಹಾಜರಿ ಪುಸ್ತಕದ ಮನುಷ್ಯ ಅಂದುಕೊಂಡಿದ್ದೆ. ಅವತ್ತು ಹಾಗಲ್ಲ ಎಂದು ಗೊತ್ತಾಯಿತು.

ದೀಪಶ್ರೀಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸಿ. ಮೆಣಸಿನ ಪುಡಿ ಮಾಡಿಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ದೇವರು ನಿಮ್ಮ ಕಾಲಿಗೆ ಬಲ ಕೊಡಲಿ, ಬಾಯಿಗೆ ಸ್ವಲ್ಪ ತಾಳ್ಮೆಯನ್ನೂ.

ಇಂತಿ ನಿಮ್ಮ,
ಮೀನಾಕ್ಷಿ

ತಾ. ಕ.: ಕವರು ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವರು ಬರುವ ಹೊತ್ತಾಯಿತು. ಲಿಂಗಮ್ಮ ಬಂದಿದ್ದಳು, ಗಿಣ್ಣು ಹಾಲು ತಂದಿದ್ದಳು! ಭಾನುವಾರ ಅವಳು ಎದ್ದು ಹೋದದ್ದು ಹಸು ಈಯುವ ನೋವಿಗೆ ಕೂಗಿದ್ದು ಕೇಳಿಸಿ. ಸ್ಟೋರಿನ ಹಿಂದೆಯೇ ಅಲ್ಲವೇ ಅವಳ ಕೊಟ್ಟಿಗೆ. ಹೆಣ್ಣು ಕರುವಂತೆ, ಮೂರು ದಿನ ಅದರ ಬಾಣಂತನದಲ್ಲೇ ಇದ್ದಳಂತೆ. ನಾನು ತಡೆಯಲಾರದೆ ನಿಮ್ಮ ಸಂಕಟವನ್ನೆಲ್ಲ ಹೇಳಿಬಿಟ್ಟೆ, ಕ್ಷಮಿಸಿ. ಅವಳು ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಮ್ಮಾರೇ, ಹಿಂದಿನ ಬಸ್ಸಿಗೆ ಬತ್ತಾನೆ ಅನ್ನೋಕೆ ಯಾರಾದ್ರೂ ಟೋಪಿ ತೆಗೀತಾರಾ? ನಂಗೇನು ಕಣ್ಣಿರ್ಲಿಲ್ವಾ? ಆ ಸಿನಿಮಾದೋನು ಸತ್ತೋದ ಅಂತ ಅವತ್ತೇ ಗೊತ್ತಾಗಿತ್ತು. ನಮ್ಮಣ್ಣ ತಂದಿದ್ದ ಗಂಡು ಮೊದಲ್ನೇ ಹೆಂಡ್ತೀನ ಹೊಡ್ದು ಓಡ್ಸಿದ್ದ ಕುಡ್ಕ. ಬ್ಯಾಡ ಅಂದ್ರೆ ನಮ್ಮಣ್ಣ ಬುಡ್ತಿದ್ನಾ? ನನ್ ಗಂಡ ಬತ್ತಾನೆ, ರೈಟ್ರೇ ಹೇಳವ್ರೆ ಅಂದೆ. ರೈಟ್ರ ಮಾತು ಅಂದ್ಮೇಲೆ ಬಾಯಿ ಮುಚ್ಕಂಡು ಹೋದ. ಸಿನಿಮಾದಾಗೆ ಹೇಳಿದ್ದು ಅಂತ ನಾನ್ಯಾಕೆ ಹೇಳ್ಲಿ?" ಎಂದಳು. ಎರಡನೇ ಭಾಗದ ಕೊನೆಯನ್ನು ಶೀಲಾ ಅವಳಿಗೆ ಹೇಳಿದಳಂತೆ, ಅದಕ್ಕೆ ಮಾತ್ರ ಕೆಂಡವಾಗಿದ್ದಾಳೆ. "ಮೂವತ್ತು ವರ್ಷ ಬುಟ್ಟು ಬಂದೋನ್ನ ಆಯಮ್ಮ ಓಡೋಗಿ ತಬ್ಕಂಡ್ಲಂತಲ್ಲ! ನಾನಾಗಿದ್ರೆ ಒಂದು ಲೋಟ ಕಾಫಿ ಕೊಟ್ಟು, ಬಂದ ದಾರೀಲೇ ಹೋಗಪ್ಪ ಅಂತಿದ್ದೆ. ರೈಟ್ರು ಬರ್ಲಿ, ಆ ಕೊನೇದೊಂದ್ನ ಬದ್ಲಾಯ್ಸಿ ಹೇಳ್ಲಿ, ಇನ್ನೊಂದ್ಸಲ ಕೂತು ನೋಡ್ತೀನಿ" ಎಂದು ಹೇಳಿ ಕಳಿಸಿದ್ದಾಳೆ. ಸುನಿಲ್‌ಕುಮಾರನಿಗೂ ಹೇಳಿಯಾಗಿದೆಯಂತೆ, ಸ್ಟೋರು ಖಾಲಿಯೇ ಇದೆ. ಅವಳು ಮುಂದಿನ ಸಾಲಿನಲ್ಲಿ ಕೂರುತ್ತಾಳಂತೆ. ಬನ್ನಿ.