ಜಂಡೂರಿ ಗೋಧಿ ಕಡಿದ ದಿನ

ಲೆಚ್ಖುಮಿ, 1931 ಜೂನ್ 19

ತುಟಿ ಒಡೆದಿದೆ, ಬಾಯಲ್ಲಿ ಇನ್ನೂ ರಕ್ತದ ರುಚಿ. ಬೂದಿರೋಗದಿಂದ ನಮ್ಮ ಸಾಮೂಹಿಕ ಹೊಲದ ಹೊಸ ತಳಿಯ ಗೋಧಿಯೆಲ್ಲ ಬೆಳ್ಳಗಾಗಿದೆ. ಪೆಲಾಗಿಯಾ ಅತ್ತೆ ಗುಟ್ಟಾಗಿ ಬಿತ್ತಿದ ಹಳೆಯ ಜಂಡೂರಿ ಗೋಧಿಯಿಂದಲೇ ಅದು ಹರಡಿತೆಂದು ನಂಬಿದ್ದೆ. ಹಳೆಯ ಬೀಜ ಜಮೀನ್ದಾರರ ಬೀಜ ಎಂದು ಪಕ್ಷದ ಕರಪತ್ರದಲ್ಲಿ ಓದಿದ್ದೆ. ಬೆಳಿಗ್ಗೆ ಕುಡುಗೋಲು ಹಿಡಿದು ಅವಳ ತುಂಡುನೆಲಕ್ಕೆ ನುಗ್ಗಿದೆ. ತೆನೆ ಕೀಳುವ ಜೋಡಿಕೋಲಿನಿಂದ ಅವಳು ನನ್ನ ಬಾಯಿಗೆ ಬಾರಿಸಿದಳು. ನಾನು ಅವಳ ಕೈ ಹಿಡಿದು ತಿರುಚಿದೆ. ಮೂಳೆ ಮುರಿದದ್ದು ಕೇಳಿಸಿತು. ಆದರೂ ನಿಲ್ಲದೆ ಕೊನೆಯ ತೆನೆಯವರೆಗೂ ಕಡಿದೆ.

ಮಧ್ಯಾಹ್ನ ತಿಬಿಲಿಸಿ ನಗರದಿಂದ ಹೊಸ ಗೋಧಿ ತಳಿ ರೂಪಿಸುವ ತಜ್ಞೆ ಕೆತೆವಾನ್ ಬಂದರು. ಬಿದ್ದ ಎಲೆಗಳನ್ನು ತಿರುವಿ ನೋಡಿದರು. "ಒಂದು ಚುಕ್ಕೆಯೂ ಇಲ್ವಲ್ಲ! ರೋಗ ತಡೆಯೋ ಗುಣ ಇದಕ್ಕೆ ಹುಟ್ಟಿನಿಂದಲೇ ಬಂದಿದೆ ಕಣಪ್ಪ. ಹೊಸ ಗೋಧಿ ಜೊತೆ ಕೂಡಿಸಿ ತಳಿ ಮಾಡಿದ್ರೆ ಅದಕ್ಕೂ ಬರುತ್ತೆ. ಬಲಿತ ಕಾಳು ಒಂದು ಹಿಡಿ ಸಾಕಿತ್ತು. ಯಾರು ಕಡಿದಿದ್ದು?"

"ಅವನನ್ನೇ ಕೇಳಮ್ಮ," ಎಂದಳು ಅತ್ತೆ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. "ನಮ್ಮೂರಲ್ಲಿ ಓದ್ಕೊಂಡವನು ಅವನೊಬ್ಬನೇ."

ಈ ಕಣಿವೆಯಲ್ಲಿ ಬೇರೆಲ್ಲೂ ಜಂಡೂರಿ ಉಳಿದಿಲ್ಲ. ಕಳೆದ ವರ್ಷ ಮನೆಮನೆಯ ಬೀಜ ಸುಟ್ಟವನೂ ನಾನೇ.

ಬಲಿತ ಒಂದೇ ಒಂದು ಕಾಳಿಗಾಗಿ ಸಂಜೆಯವರೆಗೂ ಮಂಡಿಯೂರಿ ತೆನೆ ಹಿಸುಕಿದೆ. ಎಲ್ಲದರಿಂದಲೂ ಹಸಿ ಹಾಲೇ ಒಸರಿತು. ಇನ್ನೊಂದು ಕಟ್ಟು ಬಾಕಿ ಇದೆ. ಅದರಲ್ಲಾದರೂ ಒಂದು ಕಾಳು…